ಕತೆ ಕತ್ತೆಯಾಗದ ಹಾಗೆ

ಐದನೇ ತರಗತಿಯ ಕಿಟಕಿಕಟ್ಟೆಯ ಮೇಲೆ ಒಂದು ಮೊಬೈಲು, ಅದರ ಪಕ್ಕ ಎಳನೀರು ಬುರುಡೆಯಷ್ಟು ದಪ್ಪದ ಬ್ಲೂಟೂತ್ ಸ್ಪೀಕರು. ಅರಸೀಕೆರೆ ಕಡೆಯ ಒಂದು ಸರ್ಕಾರಿ ಶಾಲೆ. ಸ್ಪೀಕರಿನಿಂದ ಒಂದು ಹೆಣ್ಣುದನಿ ಗದ್ಯಪಾಠ ಓದುತ್ತಿದೆ. ಉಚ್ಚಾರಣೆ ಸ್ಫುಟವಾಗಿದೆ, ದನಿ ಇಂಪಾಗಿದೆ, ಹಿಂದೆ ಸಣ್ಣಗೆ ಕೊಳಲೂ ಇದೆ. ಇಪ್ಪತ್ತೆರಡು ಮಕ್ಕಳು ಪುಸ್ತಕ ಬಿಚ್ಚಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ದನಿಯ ಹಿಂದೆ ಓಡುತ್ತಿದ್ದಾರೆ. ಮೊದಲ ಸಾಲಿನಲ್ಲಿ ಎಲ್ಲರ ಬೆರಳೂ ಒಟ್ಟಿಗಿತ್ತು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅರ್ಧ ಬೆರಳುಗಳು ಹಿಂದೆ ಬಿದ್ದವು. ಕೊನೆಯ ಬೆಂಚಿನ ಹುಡುಗನೊಬ್ಬ ಓಡುವುದನ್ನೇ ಬಿಟ್ಟ. ಬಸ್ಸು ತಪ್ಪಿಸಿಕೊಂಡವನು ಮುಂದಿನ ಸ್ಟಾಪಿಗೆ ಅಡ್ಡದಾರಿಯಲ್ಲಿ ಹೋಗಿ ನಿಂತ ಹಾಗೆ, ಪ್ಯಾರಾದ ಕೊನೆಯ ಪದದ ಕೆಳಗೆ ಬೆರಳಿಟ್ಟುಕೊಂಡು ದನಿ ಅಲ್ಲಿಗೆ ಬರಲೆಂದು ಕಾದು ಕೂತ.

ಪಾಠ ಮುಗಿದ ಮೇಲೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನಾಲ್ಕೋ ಐದೋ ಮಂದಿ. ಪಾಠವಿಲ್ಲದೆಯೂ ಓದಬಲ್ಲವರು ಅವರು.

ಶಿಕ್ಷಕಿಗೆ ಇದರ ಮದ್ದು ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದರು. ಪರದೆ ಮುಟ್ಟಿ, ವೇಗ ಎಂದಿದ್ದ ಕಡೆ ಒಂದರಿಂದ 0.75ಕ್ಕೆ ಇಳಿಸಿದರು. ಸ್ವಲ್ಪ ವಾಸಿ. ಇನ್ನೂ ಇಳಿಸೋಣವೆಂದು 0.5ಕ್ಕೆ ತಂದರು. ಹೆಂಗಸಿನ ದನಿ ನಿದ್ದೆಗಣ್ಣಿನಲ್ಲಿ ಮಾತಾಡುವವರಂತಾಯಿತು. ಒಂದು ಹುಡುಗಿ ಎದ್ದು ಕೇಳಿದಳು: ‘ಮಿಸ್, ಅಜ್ಜಿ ಕತ್ತೆ ಹೇಳಿದಳು ಅಂದ್ರೇನು?’

ತರಗತಿಯೆಲ್ಲ ಗೊಳ್ಳೆಂದಿತು. ಆದರೆ ಹುಡುಗಿಯ ಕಿವಿ ಸುಳ್ಳು ಹೇಳಿರಲಿಲ್ಲ. ಪುಸ್ತಕದಲ್ಲಿದ್ದ ‘ಕತೆ’ ಸ್ಪೀಕರಿನಿಂದ ಬರುವಾಗ ನಿಜಕ್ಕೂ ‘ಕತ್ತೆ’ಯ ಹತ್ತಿರಕ್ಕೆ ಬಂದಿತ್ತು. ಧ್ವನಿಮುದ್ರಿಸಿದ ಪಾಠದ ವೇಗವನ್ನು ಮಕ್ಕಳಿಗೆ ಹೊಂದಿಸುವುದು ಒಂದು ಗುಂಡಿಯ ಕೆಲಸವಲ್ಲ ಎಂಬ ತಿಳಿವಳಿಕೆ ಆ ಶಾಲೆಯಲ್ಲಿ ಹುಟ್ಟಿದ್ದು ಆ ಪ್ರಶ್ನೆಯಿಂದ.

ಯಾಕೆ ಹಾಗಾಯಿತು? ಗ್ರಾಮಫೋನಿನ ಕಾಲದವರಿಗೆ ವೇಗ ಬದಲಿಸಿದರೆ ಏನಾಗುತ್ತದೆಂದು ಗೊತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆಯನ್ನು 33ರಲ್ಲಿ ಬಿಟ್ಟರೆ ಹಾಡುವವಳ ಗಂಟಲು ಗಂಡಸಿನದಾಗುತ್ತಿತ್ತು. 33ರ ತಟ್ಟೆಯನ್ನು 78ಕ್ಕೆ ಹಾಕಿದರೆ ಇಲಿ ಕಿಚಗುಟ್ಟುತ್ತಿತ್ತು. ಕಾಲವನ್ನು ಹಿಗ್ಗಿಸಿದರೆ ಶ್ರುತಿ ಇಳಿಯಲೇಬೇಕು. ಈ ಎರಡನ್ನೂ ಬೇರ್ಪಡಿಸುವ ಯಂತ್ರದ ಬಗ್ಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು 1954ರಲ್ಲಿ ಬರೆದರು. ತಿರುಗುವ ಟೇಪ್ ಹೆಡ್‌ಗಳಿಂದ ಮಾತನ್ನು ಚೂರು ಚೂರಾಗಿ ಹಿಡಿದು, ಬೇಗ ಬೇಕಾದಾಗ ಕೆಲವು ಚೂರುಗಳನ್ನು ಬಿಟ್ಟು, ನಿಧಾನ ಬೇಕಾದಾಗ ಕೆಲವನ್ನು ಎರಡೆರಡು ಸಲ ನುಡಿಸುವ ಉಪಾಯ ಅದು. ಇಂದಿನ ಮೊಬೈಲು ಆ ಉಪಾಯವನ್ನೇ ಗಣಿತದಲ್ಲಿ ಮಾಡುತ್ತದೆ. ದನಿಯನ್ನು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಷ್ಟು ಸಣ್ಣದಾಗಿ ಹೆಚ್ಚಿ, ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಒರಗಿಸಿ ಜೋಡಿಸುತ್ತದೆ. ಶ್ರುತಿ ಅಲ್ಲೇ ಉಳಿಯುತ್ತದೆ, ಕಾಲ ಮಾತ್ರ ಹಿಗ್ಗುತ್ತದೆ.

ತೊಂದರೆ ಇರುವುದು ಆ ‘ಕಾಲ ಮಾತ್ರ’ದಲ್ಲಿ. ಕನ್ನಡಕ್ಕೆ ಕಾಲವೇ ಅರ್ಥ. ಹ್ರಸ್ವ ದೀರ್ಘವಾದರೆ ಬಲ ಬಾಲವಾಗುತ್ತದೆ, ಬಿಡಿ ಬೀಡಿಯಾಗುತ್ತದೆ. ವ್ಯಂಜನದ ಮೇಲೆ ನಾಲಗೆ ಇನ್ನೊಂದಿಷ್ಟು ಹೊತ್ತು ಒತ್ತಿ ನಿಂತರೆ ಹಳಿ ಹಳ್ಳಿಯಾಗುತ್ತದೆ, ಕತೆ ಕತ್ತೆಯಾಗುತ್ತದೆ. ಒತ್ತಕ್ಷರ ಎಂಬ ಹೆಸರಿನಲ್ಲೇ ಆ ಒತ್ತು ಇದೆ. ಗುಂಡಿ ಒತ್ತಿದಾಗ ಯಂತ್ರ ಎಲ್ಲವನ್ನೂ ಒಂದೇ ಅಳತೆಯಲ್ಲಿ ಹಿಗ್ಗಿಸುತ್ತದೆ. ‘ಕತೆ’ಯಲ್ಲಿ ನಾಲಗೆ ಹಲ್ಲಿಗೆ ತಾಗಿ ನಿಂತ ಆ ಚಿಕ್ಕ ಮೌನ ಇಮ್ಮಡಿಯಾಗುತ್ತದೆ. ಭಾಷೆ ಪಳಗಿದ ದೊಡ್ಡವರ ಕಿವಿ ಸುತ್ತಮುತ್ತಲ ಅಕ್ಷರಗಳೂ ಹಿಗ್ಗಿವೆ ಎಂದು ಗ್ರಹಿಸಿ ಹೊಂದಿಸಿಕೊಳ್ಳುತ್ತದೆ. ಒತ್ತಕ್ಷರವನ್ನು ಈಗಷ್ಟೇ ಕಲಿಯುತ್ತಿರುವ ಮಗುವಿನ ಕಿವಿಗೆ ಆ ಹೊಂದಾಣಿಕೆ ಸುಲಭವಲ್ಲ. ಅದು ಕೇಳಿದ್ದನ್ನು ಕೇಳಿದಂತೆ ಹೇಳುತ್ತದೆ. ಆ ಹುಡುಗಿ ಮಾಡಿದ್ದೂ ಅಷ್ಟೆ.

ಸ್ಟುಡಿಯೋದಲ್ಲಿ ಮುದ್ರಿಸಿದ ಆ ಹೆಣ್ಣುದನಿ ನಿಜಕ್ಕೂ ಅಷ್ಟು ವೇಗವಾಗಿತ್ತೇ? ಇದಕ್ಕೆ ಉತ್ತರ ಹೇಳುವ ಮೊದಲು ವೇಗವನ್ನು ಅಳೆಯುವುದು ಹೇಗೆಂದು ಇತ್ಯರ್ಥವಾಗಬೇಕು. ಇಂಗ್ಲಿಷಿನಲ್ಲಿ ಓದಿನ ವೇಗವನ್ನು ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುತ್ತಾರೆ. ಜಾನ್ ಹ್ಯಾಸ್‌ಬ್ರೂಕ್ ಮತ್ತು ಜೆರಾಲ್ಡ್ ಟಿಂಡಾಲ್ ಅಮೆರಿಕದ ಮಕ್ಕಳ ಗಟ್ಟಿ ಓದನ್ನು ಅಳೆದು ಮಾಡಿದ ಪಟ್ಟಿಯ 2017ರ ಆವೃತ್ತಿಯಂತೆ, ಎರಡನೇ ತರಗತಿ ಮುಗಿಸುವ ನಡುಮಟ್ಟದ ಮಗು ನಿಮಿಷಕ್ಕೆ 100 ಪದ ಸರಿಯಾಗಿ ಓದುತ್ತದೆ. ಈ 100ನ್ನು ಎತ್ತಿ ತಂದು ನಮ್ಮ ಮಕ್ಕಳ ಮುಂದಿಟ್ಟರೆ ಘೋರ ಅನ್ಯಾಯವಾಗುತ್ತದೆ. ‘ಅವಳು ಮನೆಯೊಳಗಿನಿಂದ ಓಡಿಬಂದಳು’ ಎಂಬುದು ಕನ್ನಡದಲ್ಲಿ ಮೂರೇ ಪದ. ಆದರೆ ಅಕ್ಷರ ಹದಿನೈದು. ಇದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಪದ ಏಳಕ್ಕೇರುತ್ತದೆ. ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವನ್ನೂ ಒಂದೇ ಪದದ ಬೆನ್ನಿಗೆ ಕಟ್ಟಿ ಕಳಿಸುವ ಭಾಷೆ ನಮ್ಮದು. 2022ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಯ ಮಕ್ಕಳ ಓದನ್ನು ಪರೀಕ್ಷಿಸಿದಾಗ 20 ಭಾಷೆಗಳಿಗೆ ಬೇರೆ ಬೇರೆಯಾಗಿಯೇ ಮಟ್ಟ ಗೊತ್ತುಮಾಡಲು ಹೊರಟದ್ದು ಸರಿಯಾದ ದಾರಿ.

ಕನ್ನಡದ ಓದನ್ನು ಕನ್ನಡದ್ದೇ ಅಳತೆಯಲ್ಲಿ ನೋಡಿದವರಲ್ಲಿ ಸೋನಾಲಿ ನಾಗ್ ಮುಖ್ಯರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಮಕ್ಕಳ ನಡುವೆ ಕೆಲಸ ಮಾಡಿದ ಈ ಮನಶ್ಶಾಸ್ತ್ರಜ್ಞೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲೇ ‘ವೇಗ’ ಎಂಬ ಮಾತಿದೆ. ಇಂಗ್ಲಿಷ್ ಕಲಿಯುವ ಮಗು ಇಪ್ಪತ್ತಾರು ಅಕ್ಷರಗಳ ಗುರುತನ್ನು ಬಲುಬೇಗ ಮುಗಿಸಿಕೊಳ್ಳುತ್ತದೆ. ಕನ್ನಡದ ಮಗುವಿನ ಮುಂದೆ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರಗಳು ಸಾಲುಗಟ್ಟಿ ನಿಂತಿರುತ್ತವೆ. ಅವು ಕೈವಶವಾಗುವುದು ನಿಧಾನವಾಗಿ, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ಸಾಗುತ್ತಲೇ ಇರುತ್ತದೆ ಎಂದು ಆ ಅಧ್ಯಯನ ತೋರಿಸಿತು. ಐದನೇ ತರಗತಿಯ ಹಿಂಬೆಂಚಿನ ಹುಡುಗ ‘ಸ್ವಾತಂತ್ರ್ಯ’ದ ಮುಂದೆ ತಡವರಿಸುತ್ತಾನೆಂದರೆ ಅವನು ದಡ್ಡನೆಂದು ಅರ್ಥವಲ್ಲ. ಅವನ ದಾರಿ ಇನ್ನೂ ಮುಗಿದಿಲ್ಲ, ಅಷ್ಟೆ. ಈ ಒಂದು ಮಾತನ್ನು ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲಿ ಬರೆದು ಅಂಟಿಸಬೇಕು.

ಹಾಗಾದರೆ ನಿಧಾನವೇ ಪರಿಹಾರವಲ್ಲವೇ? ಅಲ್ಲಿಯೂ ಒಂದು ಗಂಟಿದೆ. ಈ ವಾಕ್ಯ ನೋಡಿ: ‘ಹಿತ್ತಲಿನ ಹಲಸಿನ ಮರದಡಿ ಕಟ್ಟಿಹಾಕಿದ್ದ ಕರು ಹಗ್ಗ ಬಿಡಿಸಿಕೊಂಡು ತೋಟಕ್ಕೆ ನುಗ್ಗಿದ್ದನ್ನು ಅಜ್ಜಿ ನೋಡಲೇ ಇಲ್ಲ.’ ಹನ್ನೆರಡು ಪದ, 40 ಅಕ್ಷರ, ಅದರಲ್ಲಿ ಹತ್ತು ಒತ್ತಕ್ಷರ. ವಾಕ್ಯದ ಕೀಲಿ ಇರುವುದು ಕಟ್ಟಕಡೆಯ ‘ಇಲ್ಲ’ದಲ್ಲಿ. ಅಲ್ಲಿಗೆ ಮುಟ್ಟುವವರೆಗೆ ಹಿತ್ತಲು, ಹಲಸು, ಕರು, ಹಗ್ಗ, ತೋಟ, ಅಜ್ಜಿ ಎಲ್ಲವನ್ನೂ ಮಗು ಮಡಿಲಲ್ಲಿ ಕಟ್ಟಿಕೊಂಡು ಬರಬೇಕು. ಅಕ್ಷರಕ್ಕೊಂದು ಸೆಕೆಂಡಿನಂತೆ ಕೂಡಿಸಿ ಓದುವ ಮಗುವಿಗೆ ಇದು 40 ಸೆಕೆಂಡಿನ ಪಯಣ. ಕೊನೆ ಮುಟ್ಟುವಷ್ಟರಲ್ಲಿ ಮಡಿಲಿನ ಅರ್ಧ ದಾರಿಯಲ್ಲಿ ಸುರಿದುಹೋಗಿರುತ್ತದೆ. ಅಕ್ಷರ ಅಕ್ಷರವನ್ನೂ ಸರಿಯಾಗಿ ಓದಿದ ಮಕ್ಕಳು ‘ಕರು ಎಲ್ಲಿಗೆ ನುಗ್ಗಿತು?’ ಎಂದರೆ ಬೆಪ್ಪಾಗಿ ನೋಡುವುದು ಇದರಿಂದಲೇ.

ಈಗ ಸ್ಪೀಕರಿನ ದನಿಯೂ ಎಳೆದೆಳೆದು ಹೇಳಿದರೆ ಸುರಿದುಹೋಗುವ ಹೊತ್ತು ಇನ್ನೂ ಹೆಚ್ಚುತ್ತದೆ. ಮಾತನ್ನು ಹಿಗ್ಗಿಸುವ ನಿಧಾನ ಬೇರೆ, ಮಾತಿನ ನಡುವೆ ಬಿಡುವು ಕೊಡುವ ನಿಧಾನ ಬೇರೆ. ಗುಂಡಿಗೆ ಗೊತ್ತಿರುವುದು ಮೊದಲನೆಯದು, ಮಕ್ಕಳಿಗೆ ಬೇಕಾದದ್ದು ಎರಡನೆಯದು. ಲಂಡನ್ನಿನ ಫ್ರೀಡಾ ಗೋಲ್ಡ್‌ಮನ್-ಐಸ್ಲರ್ ಮನುಷ್ಯರ ಸಹಜ ಮಾತನ್ನು ಅಳೆದು 1968ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಕಾಣುತ್ತದೆ. ನಿಧಾನವಾಗಿ ಮಾತಾಡುವವರು ಪದಗಳನ್ನು ಹೆಚ್ಚು ಎಳೆಯುವುದಿಲ್ಲ, ಹೆಚ್ಚು ಸಲ, ಹೆಚ್ಚು ಹೊತ್ತು ನಿಲ್ಲುತ್ತಾರೆ. ವೇಗದ ಏರಿಳಿತ ಬಹುಪಾಲು ಮೌನದ ಏರಿಳಿತ. ಊರಿನ ಯಜಮಾನರು ಜಗಲಿಯ ಮೇಲೆ ಕೂತು ಹಳೆಯ ಜಗಳವೊಂದನ್ನು ವಿವರಿಸುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಮಾತು ನಿಲ್ಲುತ್ತದೆ, ಕೇಳುವವರು ಅಷ್ಟರಲ್ಲಿ ಮುಂದಿನದಕ್ಕೆ ಸಿದ್ಧರಾಗಿರುತ್ತಾರೆ.

ಎರಡನೇ ಭಾಷೆಯ ಕೇಳುಗರ ಮೇಲೆ ಇದನ್ನು ಒರೆಗೆ ಹಚ್ಚಿದವರೂ ಇದ್ದಾರೆ. ರೋಜರ್ ಗ್ರಿಫಿತ್ಸ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಕಲಿತವರಿಗೆ ನಿಮಿಷಕ್ಕೆ ಸುಮಾರು 200 ಪದದ ಓಟದಲ್ಲಿ ಹೇಳಿದಾಗ ಗ್ರಹಿಕೆ ಬಿದ್ದಿತು. ಆದರೆ 150ರಿಂದ 100ಕ್ಕೆ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅದೇ ವರ್ಷ ಐಲೀನ್ ಬ್ಲೌ ಪೋರ್ಟೊರಿಕೊ ಮತ್ತು ಪೋಲೆಂಡಿನ ವಿದ್ಯಾರ್ಥಿಗಳಿಗೆ ಒಂದೇ ಪಾಠವನ್ನು ಹಲವು ಬಗೆಯಲ್ಲಿ ಕೇಳಿಸಿದರು. ಬರೀ ನಿಧಾನಗೊಳಿಸಿದ್ದಕ್ಕಿಂತ, ವಾಕ್ಯದ ಸಹಜ ಗಡಿಗಳಲ್ಲಿ ಕೆಲವು ಸೆಕೆಂಡಿನ ಬಿಡುವು ಸೇರಿಸಿದ್ದೇ ಹೆಚ್ಚು ಅರ್ಥವಾಯಿತು. ಮಾತಿನ ವೇಗ ಮೊದಲಿನಷ್ಟೇ, ಬಿಡುವು ಮಾತ್ರ ಹೊಸದು.

ಕರುವಿನ ವಾಕ್ಯಕ್ಕೇ ಲೆಕ್ಕ ಹಾಕಿ ನೋಡಬಹುದು. ಸಹಜವಾಗಿ ಓದಿದರೆ ಅದಕ್ಕೆ ಆರೇಳು ಸೆಕೆಂಡು ಸಾಕು. 0.5ಕ್ಕೆ ಇಳಿಸಿದರೆ ಹದಿಮೂರಾಗುತ್ತದೆ, ಪದಗಳೂ ವಿರೂಪವಾಗುತ್ತವೆ. ಅದರ ಬದಲು ನಾಲ್ಕು ಕಡೆ ಒಂದೊಂದು ಸೆಕೆಂಡು ನಿಂತರೆ ಹತ್ತು ಹನ್ನೊಂದರಲ್ಲಿ ಮುಗಿಯುತ್ತದೆ. ಹೊತ್ತೂ ಉಳಿಯಿತು, ಕತೆಯೂ ಉಳಿಯಿತು.

ನಿಲ್ಲುವುದು ಎಲ್ಲಿ ಎಂಬುದೇ ಮುಂದಿನ ಪ್ರಶ್ನೆ. ಶಿಕ್ಷಕಿ ಇದನ್ನು ಕಲಿತದ್ದು ಕೈಸುಟ್ಟುಕೊಂಡು. ಸ್ಟುಡಿಯೋದ ಪಾಠವನ್ನು ಬದಿಗಿಟ್ಟು ತಾವೇ ಓದಿ ಮುದ್ರಿಸಲು ನಿಂತರು. ಮನೆಯಲ್ಲಿ ಮಿಕ್ಸಿ, ಟೀವಿ, ಎದುರು ಮನೆಯ ನಾಯಿ. ತರಗತಿಯ ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಕೊನೆಗೆ ಒಳ್ಳೆಯ ಸ್ಟುಡಿಯೋ ಸಿಕ್ಕಿದ್ದು ಬಿಸಿಯೂಟದ ದಾಸ್ತಾನು ಕೋಣೆಯಲ್ಲಿ. ಮೂರು ಕಡೆ ಅಕ್ಕಿ ಮೂಟೆ, ಒಂದು ಕಡೆ ಬೇಳೆ ಚೀಲ. ಮೂಟೆಗಳು ದನಿಯನ್ನು ಹೀರಿಕೊಳ್ಳುವುದರಿಂದ ಮಾರ್ದನಿ ಇಲ್ಲ. ಸಂಜೆ ನಾಲ್ಕೂವರೆಗೆ ಮಕ್ಕಳು ಹೋದ ಮೇಲೆ ಮೂಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ಮೊಬೈಲನ್ನು ಒಂದು ಗೇಣು ದೂರದಲ್ಲಿ ಒರಗಿಸಿ ಓದುತ್ತಿದ್ದರು.

ಮೊದಲ ಸಲ ಕರುವಿನ ವಾಕ್ಯವನ್ನು ಸಮನಾಗಿ ಮೂರು ಮೂರು ಪದಕ್ಕೆ ಕತ್ತರಿಸಿ ಓದಿದ್ದರು. ‘ಕಟ್ಟಿಹಾಕಿದ್ದ ಕರು ಹಗ್ಗ’ ಎಂದು ನಿಂತದ್ದೇ ತಪ್ಪಾಯಿತು. ಮರುದಿನ ಒಬ್ಬ ಕೇಳಿದ: ‘ಮಿಸ್, ಕರುಹಗ್ಗ ಅಂದ್ರೆ ಮೂಗುದಾರಾನಾ?’ ಅವನ ಊಹೆಯಲ್ಲಿ ಬುದ್ಧಿ ಇತ್ತು. ದನಿ ಎರಡು ಪದಗಳನ್ನು ಒಟ್ಟಿಗೆ ಕಟ್ಟಿಕೊಟ್ಟಿತ್ತು, ಅವನು ಅದಕ್ಕೊಂದು ಅರ್ಥ ಹುಡುಕಿಕೊಂಡಿದ್ದ. ಅವತ್ತಿನಿಂದ ಶಿಕ್ಷಕಿ ಓದುವ ಮೊದಲು ಪೆನ್ಸಿಲ್ ಹಿಡಿದು ಗೀಟು ಹಾಕತೊಡಗಿದರು. ಅರ್ಥದ ಒಂದು ತುತ್ತು ಮುಗಿದಲ್ಲಿ ಒಂದು ಗೀಟು, ವಾಕ್ಯ ಮುಗಿದಲ್ಲಿ ಎರಡು. ಹಿತ್ತಲಿನ ಹಲಸಿನ ಮರದಡಿ, ಗೀಟು. ಕಟ್ಟಿಹಾಕಿದ್ದ ಕರು, ಗೀಟು. ಹಗ್ಗ ಬಿಡಿಸಿಕೊಂಡು, ಗೀಟು. ತೋಟಕ್ಕೆ ನುಗ್ಗಿದ್ದನ್ನು, ಗೀಟು. ಅಜ್ಜಿ ನೋಡಲೇ ಇಲ್ಲ, ಎರಡು ಗೀಟು. ಗೀಟಿನ ನಡುವೆ ಮಾತು ಮನೆಯಲ್ಲಿ ಆಡುವಷ್ಟೇ ವೇಗ. ಮಕ್ಕಳ ಬೆರಳು ಹಿಂದೆ ಬಿದ್ದರೂ ಗೀಟಿನಲ್ಲಿ ಬಂದು ಸೇರಿಕೊಳ್ಳಲು ಜಾಗವಾಯಿತು.

ಈ ಗೀಟಿನ ವಿದ್ಯೆ ಕನ್ನಡಕ್ಕೆ ಹೊಸದೇನಲ್ಲ. ಗಮಕಿಗಳು ತಲೆತಲಾಂತರದಿಂದ ಮಾಡುತ್ತಿರುವುದೂ ಇದನ್ನೇ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿ ಮತ್ತೂರುಗಳಲ್ಲಿ ಆ ಕಲೆ ಇಂದಿಗೂ ಉಸಿರಾಡುತ್ತಿದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಕುಮಾರವ್ಯಾಸನ ಷಟ್ಪದಿಯಲ್ಲಿ ಛಂದಸ್ಸಿನ ಲೆಕ್ಕಕ್ಕೆ ಪದವೊಂದು ಒಂದು ಸಾಲಿನಲ್ಲಿ ಹುಟ್ಟಿ ಮುಂದಿನ ಸಾಲಿನಲ್ಲಿ ಮುಗಿಯುತ್ತದೆ. ಸಾಲಿನ ಕೊನೆಗೆ ನಿಂತರೆ ಪದ ಮುರಿಯುತ್ತದೆ. ಆದ್ದರಿಂದ ಗಮಕಿ ಸಾಲನ್ನು ದಾಟಿ, ಅರ್ಥ ಎಲ್ಲಿ ಮುಗಿಯಿತೋ ಅಲ್ಲಿ ನಿಲ್ಲುತ್ತಾರೆ. ಬೇಕಾದ ಪದವನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತಾರೆ. ಪದ್ಯ ಮುಗಿದಾಗ ಪಕ್ಕದಲ್ಲಿರುವ ವ್ಯಾಖ್ಯಾನಕಾರರು ಎತ್ತಿಕೊಳ್ಳುತ್ತಾರೆ. ಅಕ್ಷರ ಬಾರದ ರೈತರೂ ಗೃಹಿಣಿಯರೂ ನಡುಗನ್ನಡದ ಕಾವ್ಯವನ್ನು ಕೇಳಿ ತಿಳಿದು ಕಣ್ಣೀರಿಟ್ಟದ್ದು ಈ ನಿಲುಗಡೆಗಳ ದಯೆಯಿಂದ. ಓದಿ ತಿಳಿಯುವ ಪಾಠವನ್ನು ಮುದ್ರಿಸಲು ಹೊರಟವರು ಒಂದು ಸಂಜೆ ಗಮಕ ಕೇಳಿಬಂದರೆ ಅವರಿಗೆ ಬೇರೆ ತರಬೇತಿ ಅಷ್ಟಾಗಿ ಬೇಡ.

ಟೇಪ್ ರೆಕಾರ್ಡರು ತರಗತಿಗೆ ಬಂದ ಕಾಲದಲ್ಲಿ ಅಮೆರಿಕದ ಇಬ್ಬರು ಹೆಂಗಸರು ಈ ದಾರಿಯಲ್ಲಿ ನಡೆದಿದ್ದರು. ಹಾರ್ವರ್ಡಿನ ಕ್ಯಾರಲ್ ಚಾಮ್‌ಸ್ಕಿ 1976ರಲ್ಲಿ ಬರೆದದ್ದು ಮೂರನೇ ತರಗತಿಯ ಐವರು ಮಕ್ಕಳ ಕುರಿತು. ಅವರಿಗೆ ಅಕ್ಷರ ಬರುತ್ತಿತ್ತು, ಕೂಡಿಸಿ ಓದುವುದೂ ಬರುತ್ತಿತ್ತು, ಆದರೆ ಓದು ಎಂಬುದು ಬರುತ್ತಿರಲಿಲ್ಲ. ಚಾಮ್‌ಸ್ಕಿ ಅವರಿಗೆ ಇನ್ನಷ್ಟು ಅಕ್ಷರಾಭ್ಯಾಸ ಮಾಡಿಸಲಿಲ್ಲ. ಕತೆ ಪುಸ್ತಕಗಳನ್ನು ಟೇಪಿನಲ್ಲಿ ಓದಿಟ್ಟು, ಪುಸ್ತಕ ನೋಡಿಕೊಂಡು ಮತ್ತೆ ಮತ್ತೆ ಕೇಳಿ, ಸರಾಗವಾಗಿ ಬರುವವರೆಗೆ ಜೊತೆಗೇ ಓದಿ ಎಂದರು. ಮೊದಲ ಪುಸ್ತಕಕ್ಕೆ ವಾರಗಟ್ಟಲೆ ಹಿಡಿಯಿತು. ಆಮೇಲಿನವು ಬೇಗ ಬೇಗ ಬಂದವು. ಅದಕ್ಕಿಂತ ಹೆಚ್ಚಾಗಿ, ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದ ಮಕ್ಕಳು ತಾವಾಗಿ ಪುಸ್ತಕ ಎತ್ತಿಕೊಳ್ಳತೊಡಗಿದರು.

ಎರಡು ವರ್ಷದ ನಂತರ ಮೇರಿ ಕಾರ್ಬೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಂಗಡಿಯಲ್ಲಿ ಸಿಗುವ ಟೇಪುಗಳು ಓದಲು ಕಷ್ಟಪಡುವ ಮಕ್ಕಳಿಗೆ ತೀರ ವೇಗ, ತೀರ ಉದ್ದ ಎಂಬುದು ಅವರು ಕಂಡುಕೊಂಡ ಸತ್ಯ. ತಾವೇ ಓದಿ ಮುದ್ರಿಸಿದರು. ಒಂದು ಸಲಕ್ಕೆ ಕೆಲವೇ ನಿಮಿಷದ ತುಣುಕು, ಸಣ್ಣ ಸಣ್ಣ ಪದಗುಚ್ಛ, ಆದರೆ ಗುಚ್ಛದೊಳಗೆ ಜೀವಂತ ಮಾತಿನ ಏರಿಳಿತ. ಮಗು ಕೇಳಬೇಕು, ಪುಟದ ಮೇಲೆ ಬೆರಳೋಡಿಸಬೇಕು, ಬೇಕಾದಷ್ಟು ಸಲ ಹಿಂದಕ್ಕೆ ಸುತ್ತಬೇಕು, ಆಮೇಲೆ ಆ ತುಣುಕನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ಅರ್ಧ ಗಂಟೆಯ ಪಾಠವನ್ನು ಒಂದೇ ಉಸಿರಿಗೆ ಮುದ್ರಿಸಿ ಹಂಚುವ ಇಂದಿನ ಪದ್ಧತಿಗೆ ಕಾರ್ಬೊ ಅವರ ಆ ಪುಟ್ಟ ಕ್ಯಾಸೆಟ್ಟುಗಳು ಹೇಳುವ ಮಾತು ಬಹಳವಿದೆ.

ಓದಿನ ಜೊತೆಗೇ ಪ್ರಶ್ನೆ ಬರುತ್ತದೆ. ಮುದ್ರಿತ ಪಾಠಗಳು ಅತಿ ಹೆಚ್ಚು ಎಡವುವುದು ಅಲ್ಲೇ. ‘ಕರು ಎಲ್ಲಿಗೆ ನುಗ್ಗಿತು ಮಕ್ಕಳೇ?’ ಎಂದು ಕೇಳಿದ ದನಿ ಮರುಕ್ಷಣವೇ ‘ಹೌದು, ತೋಟಕ್ಕೆ!’ ಎನ್ನುತ್ತದೆ. ಯಾರು ಹೌದೆಂದರು? ಯಾರೂ ಬಾಯಿ ತೆರೆದಿರಲಿಲ್ಲ. ಇದು ಯಂತ್ರದ ರೋಗ ಮಾತ್ರವಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಟೇಪುಗಳನ್ನು ಗಡಿಯಾರ ಹಿಡಿದು ಕೇಳಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದೇ ಸೆಕೆಂಡು ಎಂದು ತಿಳಿಯಿತು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚು ಮಾಡಿದ ಕಡೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರು ಬಾಯಿ ಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಮೂರು ಸೆಕೆಂಡು! ಮುದ್ರಣದಲ್ಲಿ ಅದಕ್ಕೆ ಕಾಸೂ ಖರ್ಚಿಲ್ಲ.

ಖರ್ಚಿಲ್ಲ, ಆದರೆ ಧೈರ್ಯ ಬೇಕು. ಮೈಕಿನ ಮುಂದಿನ ಮೌನಕ್ಕೆ ಮಾತುಗಾರರು ಹೆದರುತ್ತಾರೆ, ಅದರಲ್ಲೂ ರೇಡಿಯೋದವರು. ಆ ಹೆದರಿಕೆಯನ್ನು ಗೆದ್ದದ್ದೂ ರೇಡಿಯೋವೇ. 1970ರ ದಶಕದಲ್ಲಿ ನಿಕರಾಗುವಾದ ಹಳ್ಳಿಶಾಲೆಗಳಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೂಪಿಸಿದ ಗಣಿತ ಪಾಠಗಳಲ್ಲಿ ದನಿ ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು. ತರಗತಿಯೆಲ್ಲ ಒಕ್ಕೊರಲಿನಲ್ಲಿ ಉತ್ತರಿಸುತ್ತಿತ್ತು. ಆಮೇಲೆ ದನಿ ಸರಿಯುತ್ತರ ಹೇಳುತ್ತಿತ್ತು. 1980ರ ದಶಕದಲ್ಲಿ ಕೀನ್ಯಾದಲ್ಲಿ ಇದೇ ಬಗೆಯಲ್ಲಿ ಇಂಗ್ಲಿಷ್ ಕಲಿಸಿದರು. ಕರ್ನಾಟಕದ ‘ಕೇಳಿ ಕಲಿ’ ಬಾನುಲಿ ಪಾಠಗಳನ್ನು ಶಾಲೆಯಲ್ಲಿ ಕೇಳಿ ಬೆಳೆದವರಿಗೆ ರೇಡಿಯೋದ ಜೊತೆ ತರಗತಿಯೇ ಮಾತಾಡುವ ಆ ಸಂಭ್ರಮ ನೆನಪಿರುತ್ತದೆ. ಅಂದಹಾಗೆ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕೇಳುವವರ ಮನಸ್ಸನ್ನು ಬಲ್ಲವರ ಕೈಯಲ್ಲೇ ನಮ್ಮ ಬಾನುಲಿ ಹುಟ್ಟಿತು ಎಂಬುದು ಹೆಮ್ಮೆಯ ಸಂಗತಿ.

2020ರ ಜುಲೈನಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧ ಪಾಠಗಳು ಶುರುವಾದವು. ಮನೆಮನೆಯ ಹಜಾರ ತರಗತಿಯಾಯಿತು. ಆ ದಿನಗಳಲ್ಲಿ ಅದು ದೊಡ್ಡ ಆಸರೆ. ಆದರೂ ಟೀವಿಯ ಪಾಠಕ್ಕೆ ಒಂದು ಮಿತಿ ಇತ್ತು, ಅದು ಯಾರಿಗಾಗಿಯೂ ನಿಲ್ಲುವುದಿಲ್ಲ. ಅಡುಗೆಮನೆಯಿಂದ ಅಮ್ಮ ಕೂಗಿದರೆ ಎದ್ದುಹೋಗಿ ಬಂದ ಹುಡುಗಿಗೆ ಒಂದು ಪ್ಯಾರಾ ಹೋಗಿಬಿಟ್ಟಿರುತ್ತಿತ್ತು. ಅವೇ ಪಾಠಗಳು ಯೂಟ್ಯೂಬಿಗೆ ಬಂದಾಗ ನಿಲ್ಲಿಸುವ, ಹಿಂದಕ್ಕೆ ಹೋಗುವ ಅಧಿಕಾರ ಮಗುವಿನ ಬೆರಳಿಗೆ ಸಿಕ್ಕಿತು. ಆ ಅಧಿಕಾರದ ಬೆಲೆ ಎಷ್ಟೆಂಬುದನ್ನು ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ 2001ರಲ್ಲೇ ತೋರಿಸಿದ್ದರು. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಸುಮಾರು ಎರಡೂಕಾಲು ನಿಮಿಷದ ಪಾಠವನ್ನು 16 ತುಣುಕು ಮಾಡಿ, ಪ್ರತಿ ತುಣುಕಿನ ನಂತರ ‘ಮುಂದೆ’ ಎಂದು ತಾವೇ ಒತ್ತಬೇಕಾದ ಹಾಗೆ ಕೊಟ್ಟಾಗ, ಒಂದೇ ಓಟದಲ್ಲಿ ನೋಡಿದವರಿಗಿಂತ ಹಾಗೆ ಒತ್ತುತ್ತ ನೋಡಿದವರು ಆ ತಿಳಿವಳಿಕೆಯನ್ನು ಹೊಸ ಪ್ರಶ್ನೆಗಳಿಗೆ ಚೆನ್ನಾಗಿ ಅನ್ವಯಿಸಿದರು. ಮಾತು ಅದೇ, ಚಿತ್ರ ಅದೇ.

ನಿಧಾನ ಎಲ್ಲರಿಗೂ ಒಳ್ಳೆಯದೆಂದು ಇಷ್ಟರಿಂದ ತೀರ್ಮಾನಿಸಬಾರದು. ಅಂಧ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಒಂದು ಗಂಟೆ ಕೂತವರಿಗೆ ಇದು ತಿಳಿಯುತ್ತದೆ. ಅವರ ಮೊಬೈಲು ಪಾಠ ಓದುವ ವೇಗದಲ್ಲಿ ಹೊರಗಿನವರಿಗೆ ಒಂದು ಪದವೂ ಹಿಡಿಯುವುದಿಲ್ಲ. ಅವರು ಮಾತ್ರ ತಲೆಯಾಡಿಸುತ್ತ ಕೇಳಿ, ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುತ್ತಾರೆ. ಅಮೆರಿಕದ ಲೂಯಿವಿಲ್‌ನ ಎಮರ್ಸನ್ ಫೌಕ್, ಸ್ವತಃ ಅಂಧರು, ಕೇಳಿ ಓದುವವರ ಹೊತ್ತು ಉಳಿಸಲೆಂದೇ ವೇಗದ ಮಾತಿನ ಮೇಲೆ ವರ್ಷಗಟ್ಟಲೆ ದುಡಿದರು. 1969ರಲ್ಲಿ ಅವರೂ ಥಾಮಸ್ ಸ್ಟಿಕ್ಟ್ ಅವರೂ ಆವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ, ನಿಮಿಷಕ್ಕೆ ಸುಮಾರು 275 ಇಂಗ್ಲಿಷ್ ಪದದವರೆಗೆ ಗ್ರಹಿಕೆ ಮೆಲ್ಲಗೆ ಇಳಿಯುತ್ತದೆ, ಅದರಾಚೆ ಬೇಗ ಕುಸಿಯುತ್ತದೆ ಎಂದು ಬರೆದರು. ಭಾಷೆ ಕೈಯಲ್ಲಿದ್ದವರಿಗೆ ಕಿವಿಯ ದಾರಿ ಅಷ್ಟು ಅಗಲ. ಅಂಥವರ ಮೇಲೆ ನಿಧಾನವನ್ನು ಹೇರುವುದೂ ಹಿಂಸೆಯೇ.

ಒಂದೇ ತರಗತಿಯಲ್ಲಿ ನಿಧಾನ ಬೇಕಾದವರೂ ವೇಗ ಬೇಕಾದವರೂ ಇದ್ದರೆ? ಮಕ್ಕಳು ಅವರವರ ಹೆಜ್ಜೆಯಲ್ಲಿ ಏರಲಿ ಎಂಬ ವಿಚಾರ ನಮ್ಮಲ್ಲೇ ಬೇರುಬಿಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ ಕಲಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಅದರ ಕಲಿಕಾ ಏಣಿಯಲ್ಲಿ ಒಬ್ಬಳು ಹನ್ನೆರಡನೇ ಮೆಟ್ಟಿಲಲ್ಲಿದ್ದರೆ ಪಕ್ಕದವನು ಎಂಟರಲ್ಲಿರಬಹುದು, ಯಾರೂ ಯಾರನ್ನೂ ತಳ್ಳುವುದಿಲ್ಲ. ಅರಸೀಕೆರೆ ಕಡೆಯ ಶಿಕ್ಷಕಿ ಒಂದೆರಡು ವರ್ಷ ನಲಿ ಕಲಿ ತರಗತಿ ನಡೆಸಿದವರು. ಆ ಅಭ್ಯಾಸದಿಂದಲೇ ಒಂದು ಪಾಠಕ್ಕೆ ಮೂರು ಮುದ್ರಣ ಮಾಡಿಟ್ಟರು. ಮೊದಲನೆಯದರಲ್ಲಿ ಗೀಟಿಗೆ ಒಂದೂವರೆ ಸೆಕೆಂಡು, ಪ್ರಶ್ನೆಗೆ ಐದು. ಎರಡನೆಯದರಲ್ಲಿ ಗೀಟಿಗೆ ಅರ್ಧ ಸೆಕೆಂಡು, ಪ್ರಶ್ನೆಗೆ ಮೂರು. ಮೂರನೆಯದು ಗೀಟೇ ಇಲ್ಲದ ಸಹಜ ಓದು. ದನಿ ಮೂರರಲ್ಲೂ ಒಂದೇ. ಒಮ್ಮೆ ಓದಿ, ಮೊಬೈಲಿನ ಆ್ಯಪಿನಲ್ಲಿ ಮೌನದ ತುಂಡುಗಳನ್ನು ಮಾತ್ರ ಸೇರಿಸುವುದು, ಕತ್ತರಿಸುವುದು. ಮೊದಮೊದಲು ಪ್ರಶ್ನೆಗೆ ಹತ್ತು ಸೆಕೆಂಡು ಬಿಟ್ಟಿದ್ದರು. ಆ ಹತ್ತರಲ್ಲಿ ಆರನೆಯ ಸೆಕೆಂಡಿಗೆ ಮಕ್ಕಳ ನಡುವೆ ಕಬಡ್ಡಿಯ ಮಾತು ಶುರುವಾಗುತ್ತಿತ್ತು. ಹಾಗಾಗಿ ಐದಕ್ಕೆ ಇಳಿಯಿತು. ಮೌನಕ್ಕೂ ಒಂದು ಹದ ಇರುತ್ತದೆ, ಬೆಲ್ಲದ ಪಾಕದ ಹಾಗೆ, ಎರಡು ಬೆರಳಿನ ನಡುವೆ ಹಿಡಿದು ನೋಡಿಯೇ ಹೇಳಬೇಕು.

ದೀಪಾವಳಿ ರಜೆ ಕಳೆದ ಮೇಲೆ ಒಂದು ಶನಿವಾರ ಬೆಳಗಿನ ಶಾಲೆ. ಹಿಂಬೆಂಚಿನ ಹುಡುಗ, ಮೊದಲ ದಿನ ಪ್ಯಾರಾದ ಕೊನೆಯಲ್ಲಿ ಕಾದು ಕೂತಿದ್ದವನು, ಕಿಟಕಿಕಟ್ಟೆಯ ಬಳಿ ಸ್ಪೀಕರಿಗೆ ಕಿವಿಗೊಟ್ಟು ಒಂದನೇ ಮುದ್ರಣ ಹಾಕಿಕೊಂಡು ಓದುತ್ತಿದ್ದ. ಬೆರಳು ಸಾಲಿನ ಮೇಲಿತ್ತು. ‘ಕಟ್ಟಿಹಾಕಿದ್ದ ಕರು’ ಎಂದು ದನಿ ಗೀಟಿನಲ್ಲಿ ನಿಂತಿತು. ಅವನ ಬೆರಳೂ ನಿಂತಿತು, ತುಟಿ ಅಲ್ಲಾಡಿತು. ಎರಡನೇ ಸಲ ಹಾಕಿದಾಗ ದನಿ ಅಲ್ಲೇ ನಿಂತರೂ ಅವನು ನಿಲ್ಲದೆ ‘ಹಗ್ಗ ಬಿಡಿಸಿಕೊಂಡು’ ಎಂದುಬಿಟ್ಟ. ದನಿ ಹಿಂದಿನಿಂದ ಬಂದು ಅದನ್ನೇ ಹೇಳಿತು. ಅವನು ತಲೆಯೆತ್ತಿ ಸುತ್ತ ನೋಡಿದ, ಯಾರಾದರೂ ಕೇಳಿಸಿಕೊಂಡರೇ ಎಂದು. ಆಮೇಲೆ ಮೇಜಿನ ಬಳಿ ಬಂದು, ‘ಮಿಸ್, ಇದು ಭಾಳ ಹೊತ್ತು ಸುಮ್ಮನಿರುತ್ತೆ, ಎರಡನೇದು ಹಾಕಿಕೊಡಿ’ ಎಂದ. ಶಿಕ್ಷಕಿ ಮೊಬೈಲು ತೆಗೆದುಕೊಂಡು ಎರಡನೆಯದನ್ನು ಹಾಕಿಕೊಟ್ಟರು.